ಗುಬ್ಬಿ ಪೆಟ್ಟಿಗೆಯ ಕೆಳಗೆ ಆಡಿದ ಮಾತು

ಜೈಲು, ಮಹಿಳಾ ವಿಭಾಗ
3 ಏಪ್ರಿಲ್ 2023

ಜಗದಾಂಬಾ ಅಮ್ಮನವರಿಗೆ ಹನುಮವ್ವ ಮಾಡುವ ನಮಸ್ಕಾರ.

ಜೈಲಿನ ಮುದ್ರೆ ನೋಡಿ ಗಾಬರಿಯಾಗಬೇಡಿ. ಇಲ್ಲಿ ಕಾಗದ ಬರೆಯಲು ಬಿಡುತ್ತಾರೆ. ಬರೆದದ್ದನ್ನು ಅಧಿಕಾರಿಗಳು ಓದಿ, ನಕಲು ಇಟ್ಟುಕೊಂಡು, ಆಮೇಲೆ ಅಂಚೆಗೆ ಹಾಕುತ್ತಾರೆ. ನಾನು ಏಳನೇ ಕ್ಲಾಸು ಓದಿದವಳು. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಹಿತ್ತಲ ಮನೆಯಲ್ಲಿ ಬಾಡಿಗೆಗೆ ಇದ್ದಷ್ಟು ದಿನ ನಿಮ್ಮನ್ನು ಏನೂ ಕೇಳಿದವಳಲ್ಲ. ಈಗ ಒಂದು ಕೇಳುತ್ತೇನೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಗೋಡೆಗೆ ನಮ್ಮವರು ಹೊಡೆದ ಪ್ಲೈವುಡ್ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಗುಬ್ಬಿ ತತ್ತಿ ಇಟ್ಟಿತ್ತು. ಆ ದಿನ ಅವರು ಏಣಿ ಹತ್ತಿದ್ದು ಅದನ್ನು ನೋಡಲಿಕ್ಕೆ. ಈಗ ಮರಿ ಆಗಿರಬೇಕು. ಮಧ್ಯಾಹ್ನದ ಬಿಸಿಲು ಪೆಟ್ಟಿಗೆಗೆ ನೇರವಾಗಿ ಹೊಡೆಯುತ್ತದೆ. ಅವರು ಫರ್ನಿಚರ್ ಕೆಲಸಕ್ಕೆ ಹೋಗುವ ಮುಂಚೆ ಗೋಣಿಚೀಲ ನೆನೆಸಿ ಅದರ ಮೇಲೆ ಹೊದಿಸುತ್ತಿದ್ದರು. ಮೊಳೆಯ ಸುತ್ತ ಎಣ್ಣೆ ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ಕೆಂಪಿರುವೆ ಹತ್ತುತ್ತವೆ. ಕೆಳಗೆ ಒಂದು ತಟ್ಟೆಯಲ್ಲಿ ನೀರು ಇಟ್ಟರೆ ಸಾಕು. ಕಾಳಿನ ಚಿಂತೆ ಇಲ್ಲ, ನಿಮ್ಮ ಯಜಮಾನರ ಹಿಟ್ಟಿನ ಮಿಲ್ಲಿನ ಮುಂದೆ ಚೆಲ್ಲಿದ್ದೇ ಅವಕ್ಕೆ ಬೇಕಾದಷ್ಟು.

ಮಗಳು ಚೇತನಾಳನ್ನು ನಮ್ಮ ಅತ್ತೆ ಕುಷ್ಟಗಿ ಕಡೆ ಊರಿಗೆ ಕರೆದುಕೊಂಡು ಹೋದರಂತೆ. ಹೋಗುವಾಗ ಮಗು ಅತ್ತಿತೇ? ಹೇಳುವವರು ಯಾರೂ ಇಲ್ಲ.

ನಾನು ನನ್ನ ಗಂಡನನ್ನು ಕೊಂದಿಲ್ಲ ಅಮ್ಮಾ. ಇದನ್ನು ನಿಮಗೆ ಹೇಳಬೇಕು ಅನ್ನಿಸಿತು.

ಇಂತಿ, ಹನುಮವ್ವ ಯಲ್ಲಪ್ಪ


ಸುಂಕದಕಟ್ಟೆ
11 ಏಪ್ರಿಲ್ 2023

ಹನುಮವ್ವಾ,

ನಿನ್ನ ಕಾಗದ ಬಂತು. ಉತ್ತರ ಬರೆಯಬೇಡ ಎಂದು ನಮ್ಮ ಯಜಮಾನರು ಹೇಳಿದರು. ನಾನು ಅವರ ಮಾತನ್ನು ಎಲ್ಲಾ ವಿಷಯದಲ್ಲೂ ಕೇಳುವವಳಲ್ಲ, ಅದು ನಿನಗೂ ಗೊತ್ತು.

ನಡೆದದ್ದರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಪೊಲೀಸರು ಬಂದಿದ್ದರು, ಬೀದಿಯಲ್ಲಿ ಎಲ್ಲರನ್ನೂ ಕೇಳಿದರು, ಗೊತ್ತಿದ್ದವರು ಗೊತ್ತಿದ್ದಷ್ಟು ಹೇಳಿದರು. ಇನ್ನು ಕೋರ್ಟು ಉಂಟು, ನೀನುಂಟು.

ಗುಬ್ಬಚ್ಚಿ ವಿಷಯ. ಅದನ್ನು ನೀವು 'ತತ್ತಿ' ಅನ್ನುತ್ತೀರಿ, ಇಲ್ಲಿ ನಾವು 'ಮೊಟ್ಟೆ' ಅನ್ನುತ್ತೇವೆ. ಹೆಸರು ಏನಾದರೂ ಇರಲಿ, ಈಗ ಮರಿಗಳಾಗಿವೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದರೆ ಒಂದೇ ಸಮನೆ ಚೀರಾಟ. ಗೋಣಿಚೀಲವನ್ನು ದೋಟಿಯಲ್ಲಿ ಎತ್ತಿ ಹೊದಿಸಿದ್ದೇನೆ. ಏಣಿ ಹತ್ತುವ ಧೈರ್ಯ ನನಗಿಲ್ಲ. ಆ ಕಲ್ಲಿನ ಹತ್ತಿರ ನಿಲ್ಲಲೂ ಮೊದಲೆರಡು ದಿನ ಕಾಲು ಬರಲಿಲ್ಲ. ಕೆಲಸದವಳ ಕೈಯಲ್ಲಿ ಮೂರು ಸಲ ತೊಳೆಸಿದ್ದೇನೆ.

ಒಂದು ಮಾತು. ನಿನ್ನ ಗಂಡ ಪೆಟ್ಟಿಗೆಯ ತೂತಿನ ಕೆಳಗೆ ಒಂದು ಕಡ್ಡಿ ಸಿಕ್ಕಿಸಿದ್ದಾನಲ್ಲ, ಗುಬ್ಬಚ್ಚಿ ಕೂರಲಿ ಎಂದು, ಅದರ ಮೇಲೆ ಕಾಗೆ ಬಂದು ಕೂತು ಒಳಗೆ ಕೊಕ್ಕು ಹಾಕುತ್ತಿತ್ತು. ದೋಟಿಯಿಂದ ಹೊಡೆದು ಅದನ್ನು ಮುರಿದು ಹಾಕಿದೆ. ಗುಬ್ಬಚ್ಚಿಗೆ ಕಡ್ಡಿ ಬೇಕಿಲ್ಲ, ನೇರವಾಗಿ ಒಳಗೆ ಹೋಗುತ್ತದೆ.

ಚೇತನಾ ಅಳಲಿಲ್ಲ. ಬಸ್ಸಿನಲ್ಲಿ ತಿನ್ನಲು ಏನು ಕೊಡುತ್ತೀರಿ ಎಂದು ಕೇಳಿದಳು.

ಜಗದಾಂಬಾ


ಜೈಲು
30 ಏಪ್ರಿಲ್ 2023

ಅಮ್ಮನವರಿಗೆ ನಮಸ್ಕಾರ.

ಉತ್ತರ ಬರುತ್ತದೆ ಎಂದು ನಾನು ನಂಬಿರಲಿಲ್ಲ. ಕಾವಲಿನ ಮೇಡಂ ನನ್ನ ಹೆಸರು ಕೂಗಿದಾಗ ಬೇರೆ ಹನುಮವ್ವ ಇರಬೇಕು ಎಂದು ಸುಮ್ಮನೆ ಕೂತಿದ್ದೆ. ಕಡ್ಡಿ ಮುರಿದದ್ದು ಒಳ್ಳೆಯದಾಯಿತು. ಅವರಿಗೆ ಪೆಟ್ಟಿಗೆ ಚೆಂದ ಕಾಣಬೇಕು ಅನ್ನುವುದೇ ಹೆಚ್ಚು.

ನಡೆದದ್ದರ ಬಗ್ಗೆ ಬರೆಯುವುದಿಲ್ಲ ಎಂದಿರಿ. ನಾನು ಬರೆಯುತ್ತೇನೆ, ನೀವು ಓದಿ ಬಿಡಿ. ಅಂದು ಭಾನುವಾರ. ಅವರು ಏಣಿ ಹತ್ತಿದರು, ನಾನು ಬುಡ ಹಿಡಿದಿದ್ದೆ. ಮೇಲೆ ಹೋದವರು ಸುಮ್ಮನೆ ನೋಡಿ ಇಳಿಯಬೇಕೋ ಬೇಡವೋ, ಹಲ್ಲು ಕಿರಿದು ಒಂದು ಕಾಲೆತ್ತಿ ನನಗೆ ತೋರಿಸಿದರು. ನಾನು ಬೈದೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿದ ವಾಸನೆ ಬಂತು, ಓಡಿದೆ. ಒಲೆ ಆರಿಸುವುದರೊಳಗೆ ದಪ್ಪನೆ ಸದ್ದಾಯಿತು. ಬಂದು ನೋಡಿದರೆ ಅವರು ಕಲ್ಲಿನ ಮೇಲೆ, ಏಣಿ ಅವರ ಮೇಲೆ. ನಾನು ಏಣಿ ಎತ್ತುತ್ತಿದ್ದೆ. ಆಗ ನೀವು ಬಾಗಿಲಿಗೆ ಬಂದಿರಿ.

ಇಷ್ಟೇ ಅಮ್ಮಾ. ಪೊಲೀಸರು ಎಷ್ಟು ಸಲ ಕೇಳಿದರೂ ಇಷ್ಟೇ ಹೇಳಿದೆ.

ಮರಿಗಳು ಹಾರಿದ ಮೇಲೆ ಹಳೆಯ ಹುಲ್ಲು, ಗರಿ ಎಲ್ಲ ತೆಗೆದು ಬಿಸಿಲಿಗೆ ಹಾಕಬೇಕು. ಅದರಲ್ಲಿ ಹೇನು ಆಗಿರುತ್ತವೆ. ಖಾಲಿ ಮಾಡಿದರೆ ಅದೇ ಜೋಡಿ ತಿರುಗಿ ಕಟ್ಟುತ್ತದೆ.

ಹನುಮವ್ವ


ಸುಂಕದಕಟ್ಟೆ
25 ಮೇ 2023

ಹನುಮವ್ವಾ,

ನಿನ್ನ ಗುಬ್ಬಚ್ಚಿಗಳಿಗೆ ನನ್ನಿಂದ ಒಂದು ಅನ್ಯಾಯವಾಯಿತು.

ಮೊದಲ ಸಲದ ಮರಿಗಳೆಲ್ಲ ಹಾರಿದವು. ಮಿಲ್ಲಿನ ಹುಡುಗನಿಂದ ಪೆಟ್ಟಿಗೆ ತೊಳೆಸಿ ಹಾಕಿಸಿದೆ, ಮತ್ತೆ ಮೊಟ್ಟೆ ಇಟ್ಟಿತು. ನಿನ್ನೆ ಮಧ್ಯಾಹ್ನ ಒಂದು ಮರಿ ಕೆಳಗೆ ಬಿದ್ದಿತ್ತು. ಸರಿಯಾಗಿ ರೆಕ್ಕೆ ಬಂದಿರಲಿಲ್ಲ, ಬಾಯಿ ಮಾತ್ರ ಇಷ್ಟಗಲ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ಅದಕ್ಕೇ ನಾನು ಮುಟ್ಟಲಿಲ್ಲ. ತಾಯಿ ಬಂದು ಏನಾದರೂ ಮಾಡುತ್ತದೆ ಎಂದು ಬಾಗಿಲಲ್ಲಿ ಕೂತು ಕಾದೆ. ತಾಯಿ ಬಂತು, ಬಾಯಿಗೆ ಹುಳ ಕೊಟ್ಟಿತು, ಹೋಯಿತು. ಎತ್ತಿಕೊಂಡು ಹೋಗಲು ಅದಕ್ಕೆ ಕೈ ಇದೆಯೇ? ಒಂದು ಫೋನ್ ಬಂತು ಎಂದು ಒಳಗೆ ಹೋದೆ. ಬರುವಷ್ಟರಲ್ಲಿ ಇರುವೆ ಮುತ್ತಿದ್ದವು.

ರಾತ್ರಿ ಅನ್ನ ಸೇರಲಿಲ್ಲ. 'ಒಂದ್ ಗುಬ್ಬಚ್ಚಿಗೆ ಇಷ್ಟೊಂದಾ?' ಎಂದು ಯಜಮಾನರು ನಕ್ಕರು. ಅವರಿಗೆ ತಟ್ಟೆ ಕುಕ್ಕಿ ಬಂದೆ.

ಉಳಿದವು ಚೆನ್ನಾಗಿವೆ.

ಜಗದಾಂಬಾ


ಜೈಲು
19 ಜೂನ್ 2023

ಅಮ್ಮನವರಿಗೆ,

ಮರಿಯನ್ನು ಮುಟ್ಟಿದರೆ ಏನೂ ಆಗುವುದಿಲ್ಲ. ಚೇತನಾ ಎಷ್ಟೋ ಸಲ ಎತ್ತಿ ಕೊಟ್ಟಿದ್ದಾಳೆ, ಅವರು ತಿರುಗಿ ಒಳಗೆ ಇಟ್ಟಿದ್ದಾರೆ, ತಾಯಿ ಸಾಕಿದೆ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಮುಂದೆ ಬಿದ್ದರೆ ಎತ್ತಿ ಇಡಿ.

ಚಾರ್ಜ್‌ಶೀಟ್ ಹಾಕಿದ್ದಾರೆ. ಸರ್ಕಾರ ಕೊಟ್ಟ ವಕೀಲರು ಬಂದು ಓದಿ ಹೇಳಿದರು. 'ನಿನ್ನ ಹೆಣ ಬೀಳಿಸ್ತೀನಿ' ಎಂದು ನಾನು ಕೂಗಿದೆನಂತೆ, ಅದನ್ನೂ, ಆಮೇಲೆ ಏಣಿ ನನ್ನ ಕೈಯಲ್ಲಿ ಇದ್ದುದನ್ನೂ ಹಿತ್ತಲ ಬಾಗಿಲಿನಿಂದ ಕಣ್ಣಾರೆ ಕಂಡ ಸಾಕ್ಷಿ ಇದ್ದಾರಂತೆ. ಹೆಸರನ್ನೂ ಓದಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಹಿತ್ತಲ ಬಾಗಿಲು ಯಾರ ಮನೆಯದು ಎಂದು ನಿಮಗೇ ಗೊತ್ತು.

ಆ ಸಾಕ್ಷಿಯ ಮೇಲೆಯೇ ಜಾಮೀನು ಸಿಗಲಿಲ್ಲ.

ಹನುಮವ್ವ


ಸುಂಕದಕಟ್ಟೆ
14 ಅಕ್ಟೋಬರ್ 2023

ಹನುಮವ್ವಾ,

ಇಷ್ಟು ದಿನ ಬರೆಯಲಿಲ್ಲ. ಏನು ಬರೆಯಲಿ? ಪೊಲೀಸರಿಗೆ ಹೇಳಿದವಳು ನಾನೇ. ನೋಡಿದ್ದನ್ನು ನೋಡಿದ ಹಾಗೆ ಹೇಳುವುದು ನನ್ನ ಸ್ವಭಾವ. ಅದಕ್ಕೆ ಯಾರಿಗೂ ಹೆದರಿದವಳಲ್ಲ, ನಿನಗೂ ಹೆದರಬೇಕಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡು ಕೂತಿದ್ದೆ.

ಕಳೆದ ವಾರ ನಿನ್ನ ಅತ್ತೆ ಅಕ್ಕಯ್ಯಮ್ಮ ಪಾತ್ರೆ, ಟ್ರಂಕು ಒಯ್ಯಲು ಬಂದಿದ್ದಳು. ಜೊತೆಗೆ ಚೇತನಾ. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಹಿತ್ತಲಲ್ಲಿ ಅಜ್ಜಿ ಮೊಮ್ಮಗಳಿಗೆ ತಲೆ ಬಾಚುತ್ತಿದ್ದಳು. ಮಗು ತಪ್ಪಿಸಿಕೊಂಡು ಪೆಟ್ಟಿಗೆಯ ಕೆಳಗೆ ಓಡಿತು. ಅಕ್ಕಯ್ಯಮ್ಮ ಕೂಗಿದಳು: 'ಬಾ ಇಲ್ಲಿ, ನಿನ್ನ ಹೆಣಾ ಎತ್ಲಿ! ಎಷ್ಟ್ ಜಿಗದಾಡ್ತೀಯ!'

ಅಕ್ಕಿ ಮೊರ ಅಲ್ಲೇ ಬಿಟ್ಟು ಓಡಿ ಬಂದೆ. ನೋಡಿದರೆ ಮುದುಕಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೆನ್ನೆ ನೀವಿ ಲಟಿಕೆ ಮುರಿಯುತ್ತಿದ್ದಾಳೆ. 'ನಿನ್ನ ಹೆಣಾ ಎತ್ಲಿ, ನಿಮ್ಮಪ್ಪನ್ನಂಗ ನಗತಿ ನೋಡ' ಅನ್ನುತ್ತಾಳೆ, ಕಣ್ಣಲ್ಲಿ ನೀರು. ಮಗು ಕಿಲಕಿಲ ನಗುತ್ತಿದೆ.

'ಮಗೂಗೆ ಹಂಗೆಲ್ಲಾ ಅಂತಾರೇನ್ರೀ?' ಎಂದೆ. ಅವಳಿಗೆ ಆಶ್ಚರ್ಯ. 'ಯಾಕ್ರೀ ಅಮ್ಮಾರ? ನಮ್ಮ ಕೂಸು ಅಲ್ಲೇನು? ಬ್ಯಾರೇರಿಗೆ ಅಂತೀವೇನು ಹಂಗ?' ಎಂದಳು.

ಆ ಭಾನುವಾರ ಕರೆಂಟು ಹೋಗಿ ಮಿಲ್ಲು ನಿಂತಿತ್ತು. ಇಲ್ಲದಿದ್ದರೆ ನನಗೆ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದು ಇದೇ ಮಾತು, ಇದೇ ಎಳೆತ. ಠಾಣೆಯವರಿಗೆ 'ಹೆಣ ಗಿಣ ಅಂತ ಕೂಗಾಡಿದ್ಲು' ಎಂದೆ. 'ಹೆಣ ಬೀಳಿಸ್ತೀನಿ ಅಂದ್ಲಾ?' ಎಂದು ಅವರು ಕೇಳಿದರು. ನಮ್ಮ ಕಡೆ ಹೆಣ ಅಂದರೆ ಬೀಳಿಸುವುದೇ. ಹೂಂ, ಅದೇ ಥರ ಎಂದೆ. ಬರೆದುಕೊಂಡರು.

ನಾನು ಕೋರ್ಟಿನಲ್ಲಿ ಇದನ್ನೆಲ್ಲ ಹೇಳುತ್ತೇನೆ.

ಜಗದಾಂಬಾ


ಜೈಲು
8 ನವೆಂಬರ್ 2023

ಅಮ್ಮನವರಿಗೆ,

ನಿಮ್ಮ ಕಾಗದವನ್ನು ನಮ್ಮ ಬ್ಯಾರಕ್ಕಿನಲ್ಲಿ ಎಲ್ಲರಿಗೂ ಓದಿ ತೋರಿಸಿದೆ. ನಮ್ಮ ಕಡೆಯ ಹೆಂಗಸರು ನಕ್ಕು ನಕ್ಕು ಅತ್ತರು. ಹೆಣ ಎತ್ಲಿ, ಬಾಯಾಗ ಮಣ್ಣ ಬೀಳ್ಲಿ ಅನ್ನದೆ ನಾವು ಯಾರಿಗೆ ಅನ್ನ ಬಡಿಸಿದ್ದೇವೆ? ದೃಷ್ಟಿ ತಾಗದಿರಲಿ ಎಂದೇ ಹಾಗೆ ಅನ್ನುವುದು. ನನ್ನ ಗಂಡನಿಗೆ ನಾನು ದಿನಕ್ಕೆ ಹತ್ತು ಸಲ ಅಂದಿದ್ದೇನೆ.

ನೀವು ಮನಸ್ಸು ಬಿಚ್ಚಿ ಬರೆದಿದ್ದೀರಿ, ನಾನೂ ಮುಚ್ಚುವುದಿಲ್ಲ. ಸಾಕ್ಷಿ ನೀವೇ ಎಂದು ನನಗೆ ಚಾರ್ಜ್‌ಶೀಟ್ ಬರುವ ಮೊದಲೇ ಗೊತ್ತಿತ್ತು. ಠಾಣೆಯಲ್ಲೇ ಹೇಳಿದ್ದರು. ಗೊತ್ತಿದ್ದೇ ನಿಮಗೆ ಬರೆದೆ. ಗುಬ್ಬಿ ನೋಡಿಕೊಳ್ಳಿ ಎಂದರೆ ನೀವು ದಿನಾ ಆ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತೀರಿ. ನಿಂತು ನಿಮ್ಮ ಬಾಗಿಲ ಕಡೆ ತಿರುಗಿದರೆ ನಡುವೆ ನೀರಿನ ತೊಟ್ಟಿ ಅಡ್ಡ ಇರುವುದು ಕಾಣುತ್ತದೆ. ಬಾಗಿಲಿನಿಂದ ನಿಮಗೆ ನನ್ನ ಕೈ ಮತ್ತು ಏಣಿಯ ತುದಿ ಮಾತ್ರ ಕಂಡಿದೆ. ಅವರು ಆಗಲೇ ನೆಲದಲ್ಲಿ ಬಿದ್ದಿದ್ದು, ನಾನು ಅವರ ಮೇಲಿಂದ ಏಣಿ ಎತ್ತುತ್ತಿದ್ದುದು ಕಂಡಿರಲು ಸಾಧ್ಯವಿಲ್ಲ. ಇದು ನಿಮಗೆ ನೀವೇ ತಿಳಿಯಲಿ ಎಂದುಕೊಂಡೆ.

ಹನುಮವ್ವ


ಸುಂಕದಕಟ್ಟೆ
6 ಜನವರಿ 2024

ಹನುಮವ್ವಾ,

ಹಾಗಾದರೆ ಗುಬ್ಬಚ್ಚಿಯ ನೆಪ ಮಾಡಿ ನನ್ನನ್ನು ಆಡಿಸಿದೆ. ನಾನು ಹುಚ್ಚಿಯ ಹಾಗೆ ಗೋಣಿಚೀಲ ನೆನೆಸಿದೆ, ಸತ್ತ ಮರಿಗೆ ಅತ್ತೆ, ಯಜಮಾನರ ಜೊತೆ ಜಗಳ ಮಾಡಿದೆ. ನೀನು ಅಲ್ಲಿ ಕೂತು ಇವಳು ಇವತ್ತು ತೊಟ್ಟಿ ನೋಡಿದಳೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೆ.

ನೇರವಾಗಿ ಕೇಳಿದ್ದರೆ ನಾನು ನೋಡುತ್ತಿರಲಿಲ್ಲವೇ?

ಪೆಟ್ಟಿಗೆ ಖಾಲಿ ಇದೆ. ನಾನು ಆ ಕಡೆ ಹೋಗುತ್ತಿಲ್ಲ.

ಜಗದಾಂಬಾ


ಜೈಲು
2 ಮಾರ್ಚ್ 2024

ಅಮ್ಮನವರಿಗೆ,

ನೇರವಾಗಿ ಕೇಳಿದ್ದರೆ ನೀವು ಕಾಗದ ಹರಿದು ಹಾಕುತ್ತಿದ್ದಿರಿ. ನೀವು ಕೆಟ್ಟವರೆಂದು ಹೇಳುತ್ತಿಲ್ಲ. ನಾನಾದರೂ ಹಾಗೇ ಮಾಡುತ್ತಿದ್ದೆ.

ಅರ್ಧ ಅದಕ್ಕೇ ಬರೆದೆ, ಒಪ್ಪಿಕೊಂಡೆ. ಇನ್ನರ್ಧ ತತ್ತಿಗಾಗಿಯೇ ಬರೆದೆ. ಮಣ್ಣು ಮಾಡುವಾಗ ಅವರ ಮುಖ ನೋಡಲು ನನ್ನನ್ನು ಬಿಡಲಿಲ್ಲ. ಮನೆಯಲ್ಲಿ ಅವರ ಕೈಯ ಕೆಲಸ ಅಂತ ಉಳಿದದ್ದು ಆ ಪೆಟ್ಟಿಗೆ ಒಂದೇ. ಅದೂ ಹಾಳಾಯಿತು ಎಂದರೆ ನಾನು ಏನನ್ನು ನೆನೆಯಲಿ? ನೀವು ಬರೆಯುತ್ತಿದ್ದ ಸಾಲು ಓದಿ ಕಣ್ಣು ಮುಚ್ಚಿದರೆ ನನಗೆ ಹಿತ್ತಲು ಕಾಣುತ್ತಿತ್ತು. ಬಟ್ಟೆ ಒಣಹಾಕುವ ತಂತಿ, ನಿಮ್ಮ ಕಾಫಿ ಲೋಟ, ಎಲ್ಲ.

ಬರೆಯುವುದು ಬಿಡುವುದು ನಿಮ್ಮ ಇಷ್ಟ. ಬಿಸಿಲು ಏರುತ್ತಿದೆ, ಯಾರ ಕೈಯಿಂದಲಾದರೂ ಗೋಣಿಚೀಲ ಹಾಕಿಸಿ.

ಹನುಮವ್ವ


ಸುಂಕದಕಟ್ಟೆ
21 ಜುಲೈ 2024

ಹನುಮವ್ವಾ,

ನನ್ನ ಸಿಟ್ಟು ಎಷ್ಟು ದಿನದ್ದು ಎಂದು ನಮ್ಮ ಯಜಮಾನರನ್ನು ಕೇಳಿದರೆ ಹೇಳುತ್ತಾರೆ. ಗೋಣಿಚೀಲವನ್ನು ನಾನೇ ಹಾಕಿದೆ, ಆಗಲೇ ಹಾಕಿದೆ. ನಿನಗೆ ಬರೆಯಲಿಲ್ಲ ಅಷ್ಟೆ.

ಈ ಸಲ ಎರಡು ಸಂಸಾರ ಮುಗಿದಿದೆ. ಒಂದು ಮರಿ ಕೆಳಗೆ ಬಿತ್ತು, ಸೆರಗಿನಲ್ಲಿ ಎತ್ತಿ ಒಳಗೆ ಇಡಿಸಿದೆ. ತಾಯಿ ಏನೂ ಅನ್ನಲಿಲ್ಲ. ಮೂರು ದಿನಕ್ಕೆ ಹಾರಿತು. ನನಗಾದ ಸಂತೋಷ ಯಾರಿಗೆ ಹೇಳಲಿ?

ಇನ್ನೊಂದು ಕೇಳು. ಮೊನ್ನೆ ಹಳೆಯ ಹುಲ್ಲು ತೆಗೆಯಲು ಯಾರೂ ಸಿಗಲಿಲ್ಲ. ಸೆರಗು ಸಿಕ್ಕಿಸಿ ನಾನೇ ಏಣಿ ಹತ್ತಿದೆ. ಯಜಮಾನರು ಬೇಡ ಬೇಡ ಎನ್ನುತ್ತಾ ಪಕ್ಕದಲ್ಲಿ ನಿಂತಿದ್ದರು. ನಾಲ್ಕನೇ ಮೆಟ್ಟಿಲಿಗೆ ಕಾಲಿಟ್ಟಿದ್ದೇ ಏಣಿಯ ಬುಡ ಸರ್ರನೆ ಜಾರಿತು. ಒಗೆಯುವ ಕಲ್ಲಿನ ಸುತ್ತ ಸೋಪಿನ ನೀರು ಹರಿದು ಹರಿದು ಪಾಚಿ ಕಟ್ಟಿದೆ. ಅವರು ನನ್ನ ಸೊಂಟ ಹಿಡಿದುಕೊಂಡರು, ಇಲ್ಲದಿದ್ದರೆ ಈ ಕಾಗದ ಬರೆಯಲು ನಾನಿರುತ್ತಿರಲಿಲ್ಲ. ಇಬ್ಬರೂ ಅಲ್ಲೇ ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ಯಲ್ಲಪ್ಪ ಹೇಗೆ ಸತ್ತ ಎಂದು ಆ ಕ್ಷಣ ಇಬ್ಬರಿಗೂ ಗೊತ್ತಾಯಿತು.

ಒಳಗೆ ಬಂದ ಮೇಲೆ ಯಜಮಾನರು ಅಂದರು: 'ಇದನ್ನೆಲ್ಲಾ ಕೋರ್ಟಲ್ಲಿ ಹೇಳೋಕ್ ಹೋಗ್ಬೇಡ ಕಣೇ. ಮೊದಲು ಹೇಳಿದ್ದನ್ನೇ ಹೇಳಿ ಮುಗ್ಸು. ಮಾತು ಬದಲಾಯ್ಸಿದ್ರೆ ನಿನ್ನನ್ನೇ ಸುಳ್ಳಿ ಅಂತಾರೆ.'

'ಅನ್ಲಿ' ಎಂದೆ. ನಿನ್ನ ವಕೀಲರಿಗೂ ಫೋನ್ ಮಾಡಿದೆ. ಅಕ್ಕಯ್ಯಮ್ಮನನ್ನು ಕರೆಸಿ ಆ ಮಾತಿನ ಅರ್ಥ ಹೇಳಿಸಿ ಎಂದೆ. 'ನೋಡೋಣ ಬಿಡಿ ಮೇಡಂ' ಎಂದರು.

ಧೈರ್ಯವಾಗಿರು. ನಿನ್ನ ಪರವಾಗಿ ನಾನಿದ್ದೇನೆ.

ಜಗದಾಂಬಾ


ಜೈಲು
15 ಆಗಸ್ಟ್ 2024

ಅಮ್ಮಾ,

ನೀವು ಬೀಳಲಿಲ್ಲವಲ್ಲ, ಅಷ್ಟು ಸಾಕು. ಇನ್ನು ಮೇಲೆ ಆ ಏಣಿ ಹತ್ತಬೇಡಿ, ನನ್ನ ಆಣೆ ಇದೆ.

ಕಾಗದ ಬಂದ ದಿನದಿಂದ ನನಗೆ ಹಸಿವು ಆಗುತ್ತಿದೆ. ಇಲ್ಲಿಗೆ ಬಂದ ಮೇಲೆ ಇದೇ ಮೊದಲು. ಬಿಡುಗಡೆ ಆದರೆ ಎಲ್ಲಿಗೆ ಹೋಗುತ್ತೀ ಎಂದು ಜೊತೆಯವರು ಕೇಳುತ್ತಾರೆ. ಮೊದಲು ಕುಷ್ಟಗಿ ಬಸ್ಸು ಹತ್ತಿ ಮಗಳನ್ನು ಕರೆದುಕೊಂಡು ಬರುತ್ತೇನೆ, ಆಮೇಲೆ ನಿಮ್ಮ ಹಿತ್ತಲು ತಿಕ್ಕಿ ಪಾಚಿ ತೆಗೆಯುತ್ತೇನೆ ಎಂದೆ.

ಹನುಮವ್ವ


ಸುಂಕದಕಟ್ಟೆ
19 ಜೂನ್ 2025

ಹನುಮವ್ವಾ,

ನೀನು ಕಟಕಟೆಯಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಆದರೂ ಬರೆಯದೆ ಇರಲಾರೆ. ಮನೆಗೆ ಬಂದು ಮೂರು ದಿನ ಮಲಗಿದ್ದೆ.

ಎಷ್ಟು ಸಲ ದಿನಾಂಕ ಮುಂದೆ ಹೋಯಿತು! ಪ್ರತಿ ಸಲವೂ ನಾನು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ತೊಟ್ಟಿ ಅಡ್ಡ ಇದೆ ಎಂದೆ. ಪಾಚಿ ಇದೆ, ನಾನೇ ಜಾರಿದೆ ಎಂದೆ. ಸರ್ಕಾರಿ ವಕೀಲರು ಆ ಮಾತಿನ ಬಗ್ಗೆ ಕೇಳಿದಾಗ ಹೇಳಿದೆ: 'ಬೀಳಿಸ್ತೀನಿ ಅಂದಿಲ್ಲ ಸಾರ್, ಎತ್ಲಿ ಅಂದಿದ್ದು. ಅದು ಅವರ ಕಡೆ ಪ್ರೀತಿಯಿಂದ ಅನ್ನೋ ಮಾತು.' ಹಿಂದೆ ಕೂತವರು ನಕ್ಕರು. 'ಹೆಣ ಎತ್ಲಿ ಅನ್ನೋದು ಪ್ರೀತಿನಾ ತಾಯಿ?' ಎಂದು ಅವರೂ ನಕ್ಕರು. ಆಮೇಲೆ ನಾನು ಪ್ರತಿಕೂಲ ಸಾಕ್ಷಿ ಎಂದು ಬರೆಸಿದರು. ಅಂದರೆ ತಿರುಗಿ ಬಿದ್ದವಳು.

ಅದನ್ನೂ ತಡೆದುಕೊಂಡೆ. ಆಗ ಅವರು ಒಂದು ಕಂತೆ ಕಾಗದ ತೆಗೆದರು. ಜೈಲಿನವರು ಇಟ್ಟುಕೊಂಡಿದ್ದ ನಕಲುಗಳು.

'ಆರೋಪಿ ಜೊತೆ ಎರಡು ವರ್ಷದಿಂದ ಪತ್ರ ವ್ಯವಹಾರ ಇದ್ಯಾ?'

'ಇದೆ ಸಾರ್.'

'ಯಾವ ವಿಷ್ಯ?'

'ಗುಬ್ಬಚ್ಚಿ ವಿಷ್ಯ.'

ಈ ಸಲ ನಗು ನಿಲ್ಲಲು ಹೊತ್ತಾಯಿತು. ಜಡ್ಜ್ ಸಾಹೇಬರು ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಇವರಿಗೆ ಅರ್ಥವಾಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ವಕೀಲರು ನಿನ್ನ ನವೆಂಬರಿನ ಕಾಗದ ಹಿಡಿದುಕೊಂಡು ಕೇಳಿದರು: 'ನಿಮ್ಮನ್ನ ಆ ಗೋಡೆ ಹತ್ರ ನಿಲ್ಲಿಸಿ ನಿಮ್ ಸಾಕ್ಷಿ ಬದಲಾಯ್ಸೋಕೇ ಆಕೆ ಈ ಪತ್ರಗಳನ್ನ ಬರೆದಿದ್ದು. ಹೌದೋ ಅಲ್ವೋ?'

ಅಲ್ಲ ಎನ್ನಬೇಕಿತ್ತು, ಹನುಮವ್ವಾ. ಒಂದು ಮಾತು. ದೇವರ ಹೆಸರಲ್ಲಿ ಪ್ರಮಾಣ ಮಾಡಿ ನಿಂತಿದ್ದೆ, ನೀನು ಬರೆದದ್ದು ಕಣ್ಣ ಮುಂದೆ ಬಂತು, ಸುಳ್ಳು ನಾಲಗೆಗೆ ಹತ್ತಲಿಲ್ಲ. 'ಅರ್ಧ ಅದಕ್ಕೆ ಸಾರ್' ಎಂದೆ. ಇನ್ನರ್ಧ ಹೇಳಲು ಬಾಯಿ ತೆರೆದೆ. 'ಸಾಕು' ಎಂದು ಅವರು ಕೂತುಬಿಟ್ಟರು.

ನಿನ್ನ ವಕೀಲರು ಎದ್ದು ಕೇಳುತ್ತಾರೆ, ಆಗ ಹೇಳುತ್ತೇನೆ ಎಂದು ಕಾದೆ. ಅವರು ಏನೂ ಕೇಳಲಿಲ್ಲ. ಅಕ್ಕಯ್ಯಮ್ಮ ಹೊರಗೆ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕೂತಿದ್ದಳು, ಅವಳನ್ನೂ ಕರೆಯಲಿಲ್ಲ.

ಮನೆಗೆ ಬರುವಾಗ ಯಜಮಾನರು ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೋಡಿದ್ದನ್ನು ನೋಡಿದ ಹಾಗೆ ಹೇಳಿ ನಿನ್ನನ್ನು ಒಳಗೆ ಹಾಕಿದೆ. ನಿಜವನ್ನು ನಿಜದ ಹಾಗೆ ಹೇಳಿ ಬಾಗಿಲಿಗೆ ಚಿಲಕ ಹಾಕಿದೆ. ನನಗೆ ಏನು ಹೇಳಬೇಕೋ ಹೇಳಿಬಿಡು.

ಗುಬ್ಬಚ್ಚಿಗಳ ಬಗ್ಗೆ ಬರೆಯಲು ಕೈ ಬರುತ್ತಿಲ್ಲ. ಅವು ಇವೆ.

ಜಗದಾಂಬಾ


ಜೈಲು
11 ಸೆಪ್ಟೆಂಬರ್ 2025

ಅಮ್ಮಾ,

ತೀರ್ಪು ನಿಮಗೂ ಗೊತ್ತಾಗಿರಬೇಕು. ಬೇಕೆಂದೇ ಕೊಂದದ್ದಲ್ಲ, ಸಿಟ್ಟಿನಲ್ಲಿ ಏಣಿ ಎಳೆದು ಸಾವಿಗೆ ಕಾರಣಳಾದೆ ಎಂದರು. ಹತ್ತು ವರ್ಷ. ಒಳಗಿದ್ದ ದಿನಗಳನ್ನು ಅದರಲ್ಲಿ ಕಳೆಯುತ್ತಾರಂತೆ. ಹೊರಗೆ ಬರುವ ಹೊತ್ತಿಗೆ ಚೇತನಾ ನನ್ನಷ್ಟು ಎತ್ತರ ಆಗಿರುತ್ತಾಳೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸುಳ್ಳು ಹೇಳಬೇಕಿತ್ತು ಎಂದು ಒಂದೊಂದು ದಿನ ಅನ್ನಿಸುತ್ತದೆ. ಒಂದೊಂದು ದಿನ, ಅರ್ಧ ಎಂದು ಬರೆದದ್ದು ನಾನೇ ಅಲ್ಲವೇ ಅನ್ನಿಸುತ್ತದೆ. ಎರಡೂ ಬರೆದಿದ್ದೇನೆ, ನಿಮ್ಮಿಂದ ಮುಚ್ಚಿಡುವುದು ಇನ್ನೇನಿದೆ?

ಹೈಕೋರ್ಟಿಗೆ ಹಾಕಲು ಹೊಸ ವಕೀಲರು ಬಂದಿದ್ದಾರೆ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸಮಾಧಾನದಿಂದ ಮಾತಾಡುತ್ತಾರೆ. ನಿಮಗೆ ಇನ್ನು ಒಂದು ಸಾಲೂ ಬರೆಯಬಾರದು ಎಂದು ಹೇಳಿದ್ದಾರೆ. ನೀವೂ ಬರೆಯಬಾರದು. ಗುಬ್ಬಿ ಅಂತಲೂ ಬರೆಯಬಾರದು. ಇದೊಂದನ್ನು ಕಳಿಸಲು ಅವರ ಕಾಲು ಹಿಡಿದೆ. ನಿಮ್ಮಿಂದ ಕಾಗದ ಬಂದರೆ ತೆಗೆದುಕೊಳ್ಳುವುದಿಲ್ಲ ಎಂದು ಇಲ್ಲಿ ಬರೆದು ಕೊಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಪೆಟ್ಟಿಗೆ ಇಡುವುದು, ತೆಗೆಯುವುದು ನಿಮಗೆ ಬಿಟ್ಟದ್ದು. ಏನು ಮಾಡಿದಿರಿ ಎಂದು ನನಗೆ ತಿಳಿಯುವುದಿಲ್ಲ.

ಕಳೆದ ವಾರ ಅತ್ತೆ ಚೇತನಾಳನ್ನು ಕರೆದುಕೊಂಡು ಬಂದಿದ್ದರು. ಜಾಲರಿಯ ಆಚೆ ನಿಂತಿದ್ದಳು. ಮುಂದಿನ ಹಲ್ಲು ಬಿದ್ದು ಹೊಸದು ಬರುತ್ತಿದೆ, ಎರಡು ಜಡೆ ಹಾಕಿದ್ದರು, ನಗು ಥೇಟ್ ಅವರಪ್ಪನದು. ನೋಡಿದ ಕೂಡಲೇ ಆ ಮಾತು ಬಾಯಿಗೆ ಬಂತು. ಪಕ್ಕದಲ್ಲಿ ಕಾವಲಿನ ಮೇಡಂ ನಿಂತು ಕೇಳಿಸಿಕೊಳ್ಳುತ್ತಿದ್ದರು. ನುಂಗಿಕೊಂಡೆ. 'ಚೆನ್ನಾಗಿದ್ದೀಯಾ? ಊಟ ಮಾಡಿದ್ಯಾ? ಚೆನ್ನಾಗಿ ಓದ್ಬೇಕು' ಎಂದು ಬೆಂಗಳೂರಿನವರ ಹಾಗೆ ಮಾತಾಡಿದೆ. ಮಗಳು ಎಲ್ಲದಕ್ಕೂ ಹೂಂ ಹೂಂ ಅಂದಳು. ನಗು ನಿಂತುಹೋಯಿತು. ಹೊತ್ತು ಮುಗಿಯಿತು ಎಂದು ಗಂಟೆ ಹೊಡೆದರು.

ಹೋಗುವಾಗ ಅತ್ತೆಯ ಸೆರಗು ಜಗ್ಗಿ ಕೇಳಿದಳು. ನನಗೂ ಕೇಳಿಸಿತು.

'ಆಯಿ, ಅವ್ವಗ ನನ್ನ ಮ್ಯಾಲೆ ಸಿಟ್ಟು ಬಂದೈತೇನು? ಒಂದ್ ಸಲಾನೂ ಬೈಲಿಲ್ಲ.'

ಹನುಮವ್ವ